ಪಾರ್ಕಿನ್ಸನ್ ಕಾಯಿಲೆಯ ವಂಶವಾಹಿ ಪರೀಕ್ಷೆ: ಮಾದರಿ ಸ್ವೀಕರಿಸುವ ಕ್ರಮದಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಪಾರ್ಕಿನ್ಸನ್ ಕಾಯಿಲೆಯ ವಂಶವಾಹಿ ಪರೀಕ್ಷೆಯನ್ನು ಕೇಳಿದವರೆಲ್ಲರಿಗೂ ಮಾಡಿಕೊಡುತ್ತಿದ್ದ ನಮ್ಮ ಪ್ರಯೋಗಾಲಯವು ಮುಂದಿನ ತಿಂಗಳಿನಿಂದ ಆ ಪದ್ಧತಿಯನ್ನು ಬದಲಿಸುತ್ತಿದೆ. ಇನ್ನು ಮುಂದೆ ಯಾವುದೇ ಕುಟುಂಬದ ಮೊದಲ ಮಾದರಿಯನ್ನು ಕಾಯಿಲೆ ಇರುವವರಿಂದಲೇ ಪಡೆಯುತ್ತೇವೆ. ಆರೋಗ್ಯವಂತ ಸಂಬಂಧಿಕರ ಮಾದರಿಯನ್ನು ಆ ವರದಿ ಬಂದು, ಆಪ್ತಸಮಾಲೋಚನೆ ಮುಗಿದ ನಂತರವಷ್ಟೇ ಸ್ವೀಕರಿಸುತ್ತೇವೆ.

ಈ ಬದಲಾವಣೆಗೆ ಕಾರಣವಿದೆ. ತಂದೆಗೆ ಕಾಯಿಲೆಯಿದೆ ಎಂಬ ಆತಂಕದಿಂದ ಮಗಳು ಪರೀಕ್ಷೆ ಮಾಡಿಸಿಕೊಂಡು, ವರದಿಯಲ್ಲಿ ‘ಏನೂ ಕಂಡುಬಂದಿಲ್ಲ’ ಎಂದು ಬಂದಿತೆನ್ನಿ. ತಂದೆಯಲ್ಲಿದ್ದ ವಂಶವಾಹಿ ದೋಷ ಆಕೆಗೆ ಬಂದಿಲ್ಲವೋ, ತಂದೆಯಲ್ಲಿಯೇ ಅಂಥ ದೋಷ ಇರಲಿಲ್ಲವೋ ಎಂಬುದನ್ನು ಆ ವರದಿಯಿಂದ ತಿಳಿಯಲಾಗದು. ಈ ಕಾಯಿಲೆ ಇರುವ ಬಹುಪಾಲು ಜನರಲ್ಲಿ ಯಾವುದೇ ಒಂದು ವಂಶವಾಹಿಯನ್ನು ಕಾರಣವೆಂದು ತೋರಿಸಲಾಗುವುದಿಲ್ಲವಾದ್ದರಿಂದ, ಎರಡನೆಯ ಸಾಧ್ಯತೆಯೇ ಹೆಚ್ಚು. ಅಂಥ ವರದಿ ಕೊಡುವ ನೆಮ್ಮದಿಗೆ ಆಧಾರವಿಲ್ಲ.

ದೋಷ ಕಂಡುಬಂದಾಗಲೂ ಅರ್ಥ ಸರಳವಲ್ಲ. ಈ ಕಾಯಿಲೆಯ ಅಪಾಯಕ್ಕೆ ಸಂಬಂಧಿಸಿದ ಜಿಬಿಎ1 ಎಂಬ ವಂಶವಾಹಿಯ ದೋಷ ಹೊತ್ತವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ; ಎಲ್‌ಆರ್‌ಆರ್‌ಕೆ2 ಎಂಬ ಇನ್ನೊಂದು ವಂಶವಾಹಿಯ ದೋಷವಿರುವವರಲ್ಲೂ ಅನೇಕರು ಕಾಯಿಲೆಯಿಲ್ಲದೆ ಬಾಳುತ್ತಾರೆ. ಕಾಯಿಲೆಯನ್ನು ತಡೆಯುವುದೆಂದು ಸಾಬೀತಾದ ಔಷಧವೂ ಸದ್ಯಕ್ಕಿಲ್ಲ. ಆದ್ದರಿಂದ 18 ವರ್ಷ ತುಂಬದವರ ಮಾದರಿಯನ್ನು, ಅವರಲ್ಲಿ ಕಾಯಿಲೆಯ ಲಕ್ಷಣಗಳಿಲ್ಲದಿದ್ದರೆ, ಪೋಷಕರು ಕೋರಿದರೂ ಸ್ವೀಕರಿಸುವುದಿಲ್ಲ.

ಕಾಯಿಲೆ ಇರುವವರ ವಿಷಯದಲ್ಲಿ ನಮ್ಮ ನಿಲುವು ಉದಾರವಾಗಿದೆ. 50 ವರ್ಷಕ್ಕೆ ಮೊದಲೇ ಲಕ್ಷಣಗಳು ಕಾಣಿಸಿಕೊಂಡವರು, ಹತ್ತಿರದ ರಕ್ತಸಂಬಂಧಿಗಳಲ್ಲಿ ಇದೇ ಕಾಯಿಲೆ ಇರುವವರು ಮತ್ತು ರಕ್ತಸಂಬಂಧದಲ್ಲಿ ಮದುವೆಯಾದ ತಂದೆತಾಯಿಯರ ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತವೆಂದು ನಾವೇ ಸೂಚಿಸುತ್ತೇವೆ. ಆದರೆ ಎಲ್‌ಆರ್‌ಆರ್‌ಕೆ2 ಮತ್ತು ಜಿಬಿಎ1 ದೋಷಗಳನ್ನೇ ಗುರಿಯಾಗಿಸಿದ ಔಷಧಗಳ ಪ್ರಯೋಗಗಳು ನಡೆಯುತ್ತಿದ್ದು, ಅವುಗಳಲ್ಲಿ ಕೆಲವುಗಳಲ್ಲಿ ಭಾಗವಹಿಸಲು ತಮ್ಮ ದೋಷ ಯಾವುದೆಂಬುದು ರೋಗಿಗೆ ತಿಳಿದಿರಬೇಕಾಗುವುದರಿಂದ, ತಡವಾಗಿ ಕಾಯಿಲೆ ಬಂದವರನ್ನೂ ವಯಸ್ಸಿನ ಕಾರಣಕ್ಕೆ ಹಿಂದಿರುಗಿಸುವುದು ನ್ಯಾಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ನರರೋಗ ತಜ್ಞರ ಪತ್ರವಿದ್ದರೆ ಅವರ ಮಾದರಿಯನ್ನೂ ಸ್ವೀಕರಿಸುತ್ತೇವೆ.

ಪರೀಕ್ಷೆಯ ವಿಧಾನವೂ ಬದಲಾಗುತ್ತಿದೆ. ಎಳೆ ವಯಸ್ಸಿನಲ್ಲಿ ಬರುವ ಕಾಯಿಲೆಗೆ ಮುಖ್ಯ ಕಾರಣಗಳಲ್ಲೊಂದಾದ ಪಾರ್ಕಿನ್ ವಂಶವಾಹಿಯಲ್ಲಿ ಎಷ್ಟೋ ಬಾರಿ ಇಡೀ ತುಂಡೇ ಬಿಟ್ಟುಹೋಗಿರುತ್ತದೆ ಅಥವಾ ಇಮ್ಮಡಿಯಾಗಿರುತ್ತದೆ. ವಂಶವಾಹಿಯ ರಾಸಾಯನಿಕ ‘ಅಕ್ಷರ’ಗಳನ್ನು ಒಂದೊಂದಾಗಿ ಓದುವ ಪರೀಕ್ಷೆ ಮಾತ್ರ ಮಾಡಿದರೆ ಇದು ಕಣ್ತಪ್ಪಬಹುದು. ಜಿಬಿಎ1ರ ಪಕ್ಕದಲ್ಲಿಯೇ ಅದನ್ನು ಬಹುವಾಗಿ ಹೋಲುವ, ಆದರೆ ಕೆಲಸ ಮಾಡದ ಇನ್ನೊಂದು ತುಣುಕಿರುವುದರಿಂದ ಅದರ ಫಲಿತಾಂಶವನ್ನೂ ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಈ ಎರಡೂ ತಪಾಸಣೆಗಳು ಇನ್ನು ಮುಂದೆ ಪರೀಕ್ಷೆಯ ಭಾಗವೇ ಆಗಿದ್ದು, ವರದಿ ಕೈಸೇರಲು ಮೊದಲಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಈಗಾಗಲೇ ಹಣ ಪಾವತಿಸಿ ಮಾದರಿ ನೀಡದಿರುವ ಆರೋಗ್ಯವಂತರು ಪೂರ್ಣ ಹಣವನ್ನು ಹಿಂಪಡೆಯಬಹುದು ಅಥವಾ ಅದೇ ಹಣದಲ್ಲಿ ಕುಟುಂಬದ ರೋಗಿಯ ಪರೀಕ್ಷೆ ಮಾಡಿಸಬಹುದು. ಕಾಯಿಲೆ ಇದ್ದವರು ಈಗ ಬದುಕಿಲ್ಲದ ಕುಟುಂಬದವರು ದಯವಿಟ್ಟು ಮೊದಲು ನಮ್ಮ ಆಪ್ತಸಮಾಲೋಚಕರನ್ನು ಭೇಟಿಯಾಗಬೇಕು. ಹಳೆಯ ವೈದ್ಯಕೀಯ ದಾಖಲೆಗಳಿದ್ದರೆ ಜೊತೆಯಲ್ಲಿ ತನ್ನಿ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರಯೋಗಾಲಯದ ಪರವಾಗಿ