ಪ್ರಮಾಣಪತ್ರವಿದೆ, ಕಾವಲಿಲ್ಲ

ಮಾನ್ಯರೇ,

ವಿಜಯಪುರದ ನಮ್ಮ ಓಣಿಯ ಕಟ್ಟೆಯ ಮೇಲೆ ಸಂಜೆ ಕೂಡುವ ಹತ್ತು–ಹನ್ನೆರಡು ವರ್ಷದ ಹುಡುಗರು, ಸಿನಿಮಾಗಳಲ್ಲಿ ಮಚ್ಚು ಬೀಸುವ ದೃಶ್ಯಗಳನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿ, ಅದೇ ಧಾಟಿಯಲ್ಲಿ ಒಬ್ಬರನ್ನೊಬ್ಬರು ಬೆದರಿಸುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ನೋಡಿದವರೆಲ್ಲ ಹೊಡೆದಾಟಕ್ಕಿಳಿಯುತ್ತಾರೆ ಎನ್ನಲಾರೆ. ಮನೆಯ ವಾತಾವರಣವೂ ಕಾರಣವಾಗುತ್ತದೆ. ಆದರೂ 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಬೊಂಬೆಯನ್ನು ಥಳಿಸುವುದನ್ನು ಕಂಡ ಮಕ್ಕಳಲ್ಲಿ ಅನೇಕರು ತಾವೂ ಹಾಗೆಯೇ ಥಳಿಸಿದ್ದರು.

2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯು ಪಾಲಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರಗಳಿಗೆ ಕೊಡುವ ಯುಎ ಪ್ರಮಾಣಪತ್ರವನ್ನು 7, 13, 16 ವರ್ಷ ಮೇಲ್ಪಟ್ಟವರಿಗೆ ಎಂದು ವಿಂಗಡಿಸಿದೆ. ದೃಶ್ಯವು ತುಣುಕಾಗಿ ಮೊಬೈಲಿಗೆ ಬಂದಾಗ ಆ ಪ್ರಮಾಣಪತ್ರ ಎಲ್ಲಿರುತ್ತದೆ? ಇಂಟರ್ನೆಟ್ ಮೂಲಕ ಚಿತ್ರ ತೋರಿಸುವ ಒಟಿಟಿ ವೇದಿಕೆಗಳಲ್ಲಿ ಪೋಷಕರು ಹಾಕಬಹುದಾದ ಬೀಗವನ್ನು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಕಡ್ಡಾಯಗೊಳಿಸಿವೆ. ಆದರೆ ಅನೇಕ ಮನೆಗಳಲ್ಲಿ ಅದನ್ನು ಹಾಕಲು ಬರುವುದು ಮಗನೊಬ್ಬನಿಗೇ! ಶಾಲೆಗಳು ಪಾಲಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಇದನ್ನೂ ಹೇಳಿಕೊಡಲಿ.

– ಓರ್ವ ಪಾಲಕ, ವಿಜಯಪುರ