ನೆರಳಿನ ಬಾಡಿಗೆ

ಪ್ರೀತಿಯ ಗೆಳೆಯಾ,

ಹೋದ ವಾರ ನೀನು ಎರಡು ಮೆಸೇಜ್ ಕಳಿಸಿದ್ದೆ. ಮೊದಲನೆಯದು, ಕಾಡಿನ ಮರಗಳು ಬೇರಿನಲ್ಲೇ ಮಾತಾಡಿಕೊಳ್ಳುತ್ತವೆ, ಒಂದಕ್ಕೊಂದು ಉಣಿಸುತ್ತವೆ ಅನ್ನೋ ವಿಡಿಯೊ. ಎರಡನೆಯದು, ‘ಬದುವಿನ ಹುಣಸೆ ಮರ ಕೇಳಿಕೊಂಡು ಸಾಮಿಲ್ಲಿನವನು ಬಂದಿದ್ದ, ಕೊಟ್ಟುಬಿಡೋಣ ಅಂತಿದ್ದೀನಿ, ಏನಂತೀಯ?’ ಎರಡರ ನಡುವೆ ಅರ್ಧ ಗಂಟೆಯೂ ಇರಲಿಲ್ಲ. ನಗು ಬಂತು ಕಣೋ. ಫೋನಲ್ಲಿ ಹೇಳಿದರೆ ಜಗಳ ಆಗುತ್ತೆ ಅಂತ ಬರೆಯುತ್ತಿದ್ದೇನೆ. ಬದುವಿನಲ್ಲಿ ಮರ ಇರುವ ಬೇರೆಯವರೂ ಓದಲಿ ಅಂತ ಎಲ್ಲರ ಮುಂದೆ ಇಟ್ಟಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೊದಲು ವಿಡಿಯೊ ವಿಷಯ. ಅದರ ಹಿಂದಿರುವುದು ಕೆನಡಾದ ಅರಣ್ಯ ವಿಜ್ಞಾನಿ ಸುಜಾನ್ ಸಿಮಾರ್ಡ್ ಮತ್ತು ಜೊತೆಗಾರರ ಕೆಲಸ, 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು. ಬರ್ಚ್ ಮತ್ತು ಡಗ್ಲಸ್ ಫರ್ ಅನ್ನೋ ಎರಡು ಜಾತಿ ಮರಗಳ ಸಸಿಗಳಿಗೆ ಗುರುತು ಹಾಕಿದ ಇಂಗಾಲ ಕೊಟ್ಟು ನೋಡಿದರು. ಒಂದರ ಇಂಗಾಲ ಇನ್ನೊಂದರೊಳಗೆ ಸಿಕ್ಕಿತು. ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರದ ನೂಲು ಅದಕ್ಕೆ ದಾರಿ ಅಂದರು. ತಾಯಿಮರ ಮಕ್ಕಳನ್ನು ಸಾಕುತ್ತದೆ ಅನ್ನೋ ಕಥೆ ಬೆಳೆದದ್ದು ಆಮೇಲೆ. 2023ರಲ್ಲಿ ಇದೇ ವಿಷಯ ಬಲ್ಲ ಮೂವರು ವಿಜ್ಞಾನಿಗಳು, ಕಾಡಿನಲ್ಲಿ ಇಷ್ಟೆಲ್ಲ ನಡೆಯುತ್ತೆ ಅನ್ನೋಕೆ ಸಾಕ್ಷಿ ಸಾಲದು ಅಂತ ಬರೆದರು. ಮಜಾ ಏನಂದ್ರೆ, ಅವರಲ್ಲೊಬ್ಬರು 1997ರ ಲೇಖನ ಬರೆದವರಲ್ಲೂ ಒಬ್ಬರು.

ನನಗೆ ಇದಕ್ಕಿಂತ ಹಿಡಿಸಿದ್ದು ನಮ್ಮ ಅಕ್ಕಡಿ ಸಾಲಿನ ಸುದ್ದಿ. ನಿಮ್ಮಜ್ಜಿ ರಾಗಿ ಹೊಲದಲ್ಲಿ ಇಷ್ಟು ಸಾಲಿಗೊಂದು ಅಂತ ತೊಗರಿ, ಅವರೆ, ಹುಚ್ಚೆಳ್ಳು ಹಾಕಿಸ್ತಿದ್ದರಲ್ವಾ? ಸಾಲು ತಪ್ಪಿದರೆ ಬೈಗುಳ ಬೇರೆ. ಆ ರಾಗಿ, ತೊಗರಿಯನ್ನೇ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕುಂಡದಲ್ಲಿ ಬೆಳೆಸಿದ್ದಾರೆ! ತೊಗರಿಯ ಬೇರಿಗೆ ಆಳದಲ್ಲಿ ನೀರು ಸಿಗುವ ಹಾಗೆ ಮಾಡಿ, ರಾಗಿಗೆ ಬರ ತರಿಸಿದರು. ಆಳದ ಬೇರು ಮೇಲೆತ್ತಿದ ನೀರು ಶಿಲೀಂಧ್ರದ ನೂಲು ಹಿಡಿದು ರಾಗಿಗೂ ದಾಟುತ್ತದೆ ಅಂತ 2019ರಲ್ಲಿ ಬರೆದರು. ಅಜ್ಜಿಗೆ ಶಿಲೀಂಧ್ರ ಗೊತ್ತಿರಲಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ತೊಗರಿ ಪಕ್ಕದ ರಾಗಿ ಹೇಗಿರುತ್ತೆ ಅಂತ ನೋಡಿದ್ದರು.

ಹಾಗಂತ ತೊಗರಿ ಧರ್ಮಾತ್ಮ ಅಂದ್ಕೋಬೇಡ. ತೀರಾ ಒತ್ತಾಗಿ ಹಾಕಿದರೆ ಅದೇ ತೊಗರಿ ರಾಗಿಯನ್ನು ಮೇಲೇಳೋಕೆ ಬಿಡಲ್ಲ. ಸಾಲಿನ ಲೆಕ್ಕ ಇದ್ದದ್ದು ಅದಕ್ಕೇ. ಆ ವಿಡಿಯೊದಲ್ಲಿ ನನಗೆ ಸರಿ ಬರದಿದ್ದು ಇದೇ ನೋಡು. ಅದರಲ್ಲಿ ಬರೀ ಪ್ರೀತಿ ಇತ್ತು, ಲೆಕ್ಕ ಇರಲಿಲ್ಲ.

ನಿಮ್ಮ ಹುಣಸೆ ಮರದ ಲೆಕ್ಕ ನಿನಗೆ ನೆನಪಿದೆಯಾ? ಮರ ನಿಮ್ಮ ಬದುವಿನಲ್ಲಿ, ಆದರೆ ಬೆಳಗಿನ ನೆರಳೆಲ್ಲ ಪಡುವಣ ಕಡೆ ದೊಡ್ಡಪ್ಪನ ಹೊಲಕ್ಕೆ. ಹುಣಸೆ ನೆರಳಲ್ಲಿ ರಾಗಿ ತೆನೆ ಕಟ್ಟಲ್ಲ ಅಂತ ಅವರು ಗೊಣಗುತ್ತಿದ್ದರು. ನಿಮ್ಮ ತಾತ ಜಗಳ ಆಡಲಿಲ್ಲ. ಶಿವರಾತ್ರಿ ಹೊತ್ತಿಗೆ ಹಣ್ಣು ಬಡಿಸಿದ ದಿನವೇ ಎರಡು ಮಂಕರಿ ಹುಣಸೆ ಅವರ ಮನೆಗೆ ಹೊರಿಸುತ್ತಿದ್ದರು. ಒಂದು ಸಲ ಹೊತ್ತವನು ನಾನೇ. ‘ಯಾಕೆ ತಾತ?’ ಅಂದಿದ್ದಕ್ಕೆ ‘ನೆರಳಿನ ಬಾಡಿಗೆ ಕಣೋ’ ಅಂದರು.

ಮರ ಹತ್ತಿ ಬಡಿಯುವವರಿಗೆ ಒಂದು ಪಾಲು. ಹಟ್ಟಿಯ ಹೆಂಗಸರು ಜಗುಲಿ ಮೇಲೆ ಕೂತು ಕುಟ್ಟಿ, ಬೀಜ, ನಾರು ತೆಗೆದರೆ ಅವರಿಗೆ ಕೂಲಿ. ಬೀಜ ಕೊಳ್ಳೋಕೆ ಬೇರೆ ವ್ಯಾಪಾರಿ ಬರುತ್ತಿದ್ದ. ಸಿಪ್ಪೆ ನಮ್ಮನೆ ಬಚ್ಚಲೊಲೆಗೆ. ಗಿಳಿಗಳು ತಿಂದು ಕೆಡವಿದ್ದು ಯಾರ ಲೆಕ್ಕಕ್ಕೂ ಇಲ್ಲ. ಸಾಮಿಲ್ಲಿನವನು ತೊಲೆ ಎಷ್ಟು ದಪ್ಪ ಅಂತ ಅಳೆದಿರುತ್ತಾನೆ. ಇವರೆಲ್ಲ ಅವನ ಟೇಪಿಗೆ ಸಿಗಲ್ಲ.

ಪುಕ್ಕಟೆ ತಿನ್ನುವವರೂ ಇರುತ್ತಾರೆ, ಅದನ್ನೂ ಹೇಳಬೇಕು. ನಮ್ಮ ಮಾವಿನ ಮರಕ್ಕೆ ಬದನಿಕೆ ಹತ್ತಿದೆ. ಅದು ಕೊಂಬೆಯೊಳಗೆ ಬೇರು ಇಳಿಸಿ ಮಾವಿನ ನೀರನ್ನೇ ಹೀರುತ್ತೆ. ಅದರ ಹಣ್ಣು ತಿನ್ನುವ ಪುಟಾಣಿ ಹಕ್ಕಿಗೂ ಬದನಿಕೆ ಹಕ್ಕಿ ಅಂತಲೇ ಹೆಸರು. ಬೀಜ ಅಂಟಂಟು. ಹಕ್ಕಿ ಹಿಂಭಾಗವನ್ನು ಕೊಂಬೆಗೆ ಒರೆಸಿ ಬಿಡಿಸಿಕೊಳ್ಳುತ್ತೆ, ಬೀಜ ಅಲ್ಲೇ ಕೂತು ಮೊಳೆಯುತ್ತೆ. ಹಕ್ಕಿ ಮುದ್ದಾಗಿದೆ ಅಂತ ಬಿಟ್ಟರೆ ಮಾವು ಹೋಗುತ್ತೆ. ನಾನು ವರ್ಷ ವರ್ಷ ಕೊಡಲಿ ಹಿಡಿದು ಕೊಂಬೆ ಸಮೇತ ತೆಗೀತೀನಿ. ಪೂರ್ತಿ ಮುಗಿದೇ ಇಲ್ಲ ಅದು.

ಸಾಧ್ಯವಾದರೆ ಒಮ್ಮೆ ಶಿರಾ ಪಕ್ಕದ ಕಗ್ಗಲಡುಗೆ ಹೋಗಿ ಬಾ. ಕೊಕ್ಕರೆ ಮರಿಗಳಿರುವ ಕಾಲದಲ್ಲೇ ಹೋಗು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ನಾನು ಹೋದಾಗ ಮರದ ಕೆಳಗೆ ಸುಣ್ಣ ಚೆಲ್ಲಿದ ಹಾಗಿತ್ತು. ಮೀನಿನ ವಾಸನೆ, ಮೇಲೆ ಮರಿಗಳ ಗಲಾಟೆ. ಹತ್ತು ನಿಮಿಷಕ್ಕೆ ನನಗೇ ತಲೆ ಸಿಡಿಯಿತು. ಊರವರು ಅದರಡಿಯಲ್ಲೇ ಓಡಾಡಿಕೊಂಡಿದ್ದರು. ಯಾರೂ ಕಲ್ಲು ಎತ್ತಿದ್ದು ನೋಡಲಿಲ್ಲ. ಸುತ್ತಲ ಕೆರೆಯ ಮೀನು ಕೊಕ್ಕರೆ ಹೊಟ್ಟೆ ಸೇರಿ, ಹಿಕ್ಕೆಯಾಗಿ ಹುಣಸೆ ಬುಡಕ್ಕೆ ಬೀಳುತ್ತೆ. ಕೆರೆ ಬತ್ತಿದ ವರ್ಷ ಮರ ಇದ್ದರೂ ಕೊಕ್ಕರೆ ಏನು ತಿನ್ನಬೇಕು?

ಮರ ಕಡಿದ ಜಾಗದಲ್ಲಿ ನೀಲಗಿರಿ ಹಾಕಿದರೆ ಬೇಗ ದುಡ್ಡು ಅಂತ ನಿಮ್ಮ ಭಾವ ಹೇಳಿದರಂತೆ. ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂದಿತು, ಅವರಿಗೆ ಹೇಳು. ಅದಕ್ಕೂ ಎಷ್ಟೋ ಮೊದಲು, 1983ರಲ್ಲಿ, ನಮ್ಮ ತುಮಕೂರು ಜಿಲ್ಲೆಯ ಹಳ್ಳಿಯವರೇ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಊರಿದ್ದರು. ನೀಲಗಿರಿ ಹೂವಿಗೆ ಜೇನು ಬರುತ್ತೆ, ಅದನ್ನು ಇಲ್ಲ ಅನ್ನಲ್ಲ. ಆದರೆ ನೀಲಗಿರಿ ಬೆಳೆದವನು ಪಕ್ಕದ ಹೊಲದವನಿಗೆ ಮಂಕರಿ ಹೊರಿಸಿದ್ದು ನಾನಂತೂ ಕಂಡಿಲ್ಲ.

ಮನೆಗೆ ದುಡ್ಡು ಬೇಕಾಗಿದೆ ಅಂತ ನನಗೆ ಗೊತ್ತು. ಮಗಳ ಫೀಸು, ಬೋರ್‌ವೆಲ್ ಸಾಲ. ಮರ ನಿನ್ನದು, ಬೇಡ ಅನ್ನೋಕೆ ನಾನ್ಯಾರು? ಕೊಡೋ ಮೊದಲು ಒಂದು ಕೆಲಸ ಮಾಡು. ನಾಲ್ಕು ವರ್ಷದಿಂದ ಹಣ್ಣು ಗುತ್ತಿಗೆಗೆ ಕೊಟ್ಟು ಬೆಂಗಳೂರಲ್ಲೇ ದುಡ್ಡು ತಗೋತಿದ್ದೀಯ. ದೊಡ್ಡಪ್ಪನ ಮನೆಗೆ ಮಂಕರಿ ಹೋಗಿಲ್ಲ. ಮೊನ್ನೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದರು, ನಿನ್ನ ಬಗ್ಗೆ ಏನೂ ದೂರಲಿಲ್ಲ. ‘ಅವನು ಚೆನ್ನಾಗಿದ್ದಾನಾ?’ ಅಂತ ಮಾತ್ರ ಕೇಳಿದರು. ಈ ಶಿವರಾತ್ರಿಗೆ ನೀನೇ ಬಂದು ಮರ ಬಡಿಸು. ಎಂಟು ಮಂಕರಿ ಬಾಕಿ ಇದೆ, ನಾನೂ ಒಂದು ಹೊರುತ್ತೀನಿ.

ನಿನ್ನ,
ಹಳೇ ಬೆಂಚಿನ ಜೊತೆಗಾರ