ಮನೆ, ಹೊಲದ ಕೆಲಸಗಳ ಮೂಲಕ ಗಣಿತ: ಪೋಷಕರಲ್ಲಿ ಒಂದು ಕೋರಿಕೆ

ಮಾನ್ಯ ಪೋಷಕರೇ,

ನಮಸ್ಕಾರಗಳು. ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ಗಣಿತದ ಹೋಂವರ್ಕ್ ಅನ್ನು ಪುಸ್ತಕದ ಬದಲು ಮನೆ ಮತ್ತು ಹೊಲ-ತೋಟದ ಕೆಲಸಗಳಿಂದಲೇ ಕೊಡಲು ಗಣಿತ ಶಿಕ್ಷಕರೊಡನೆ ಚರ್ಚಿಸಿ ತೀರ್ಮಾನಿಸಿದ್ದೇವೆ. ಇದಕ್ಕೆ ತಮ್ಮ ಸಹಕಾರ ಬೇಕಾಗಿದೆ.

ಮೂರು ಮೀಟರ್ ಉದ್ದದ ಸಾಲಿನಲ್ಲಿ, ತುದಿಯಿಂದ ತುದಿಗೆ, 30 ಸೆಂಟಿಮೀಟರ್ ಅಂತರದಲ್ಲಿ ಸಸಿ ನೆಡಲು ಎಷ್ಟು ಸಸಿ ಬೇಕೆಂದು ಕೇಳಿದರೆ ಹೆಚ್ಚಿನ ಮಕ್ಕಳು 300ನ್ನು 30ರಿಂದ ಭಾಗಿಸಿ ಹತ್ತು ಎನ್ನುತ್ತಾರೆ. ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಹತ್ತೇ ಸಸಿ ಹಿಡಿದು ನೆಡುತ್ತಾ ಹೋದ ಮಗುವಿಗೆ ಕೊನೆಯ ಗುಳಿ ಖಾಲಿ ಉಳಿದದ್ದು ಕಾಣುತ್ತದೆ. ತನಗೆ ಸಿಕ್ಕ ಹತ್ತು ನಡುವಿನ ಅಂತರಗಳ ಲೆಕ್ಕವೆಂದೂ ಸಸಿಗಳು ಹನ್ನೊಂದು ಬೇಕೆಂದೂ ಆಗ ಯಾರೂ ಹೇಳಬೇಕಾಗುವುದಿಲ್ಲ. ಪಾತಿಯ ಸುತ್ತ ಬೇಲಿ ಹಾಕುವಾಗ ಮಾತ್ರ ಕಂಬಗಳೂ ಅಂತರಗಳೂ ಸಮವಾಗುತ್ತವೆ. ಅದೇಕೆಂದು ದಯವಿಟ್ಟು ತಾವು ಹೇಳಿಕೊಡಬೇಡಿ.

ಸೂತ್ರಗಳು ಬಾಯಿಪಾಠವಾಗಿರುವ ಮಕ್ಕಳೂ ವಿಸ್ತೀರ್ಣ ಮತ್ತು ಸುತ್ತಳತೆಗಳನ್ನು ಅದಲುಬದಲು ಮಾಡುತ್ತಾರೆ. 12 ಚದರ ಮೀಟರಿನ ಪಾತಿ 4 ಮೀಟರ್ ಉದ್ದ, 3 ಮೀಟರ್ ಅಗಲವಿದ್ದರೆ ಸುತ್ತಲೂ ಒಂದು ಎಳೆ ತಂತಿಗೆ 14 ಮೀಟರ್ ಸಾಕು. 12 ಮೀಟರ್ ಉದ್ದ, ಒಂದೇ ಮೀಟರ್ ಅಗಲವಿದ್ದರೆ 26 ಮೀಟರ್ ಬೇಕು. ಹಗ್ಗ ಹಿಡಿದು ಎರಡನ್ನೂ ಅಳೆದ ಮಗು ಆಮೇಲೆ ಗೊಂದಲಪಡುವುದು ಕಡಿಮೆ.

ಜಮೀನಿಲ್ಲದ ಮನೆಯವರು ಚಿಂತಿಸಬೇಕಿಲ್ಲ. ನಾಲ್ವರ ಅಡುಗೆಗೆ ಮುಕ್ಕಾಲು ಲೋಟ ಹಿಡಿಯುವ ಪದಾರ್ಥ ಆರು ಜನಕ್ಕೆ ಎಷ್ಟು ಬೇಕೆಂಬುದು ಭಿನ್ನರಾಶಿಯ ಒಳ್ಳೆಯ ಲೆಕ್ಕವೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುವುದರಿಂದ, ಏಳನೆಯ ತರಗತಿಯವರು ತಮ್ಮ ಚಾವಣಿಯ ನೀರನ್ನೂ ಲೆಕ್ಕ ಹಾಕಬಲ್ಲರು.

ಕೆಲಸಕ್ಕೆ ಮೊದಲು ಮಗು ತನ್ನ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ಮುಗಿದ ಮೇಲೆ ನಿಜವಾದ ಅಳತೆಯನ್ನು ಪಕ್ಕದಲ್ಲಿ ಬರೆಯಲಿ. ಅಂದಾಜು ತಪ್ಪಿದರೆ ಅಳಿಸಿ ತಿದ್ದಿಸಬೇಡಿ. ಶಿಕ್ಷಕರು ಮೊದಲು ನೋಡುವುದೇ ಆ ವ್ಯತ್ಯಾಸವನ್ನು. ಮನೆಯಲ್ಲಿ ಹೇಗೂ ನಡೆಯುವ ಕೆಲಸದಲ್ಲಿ ಅರ್ಧ ಗಂಟೆ ಜೊತೆಗಿದ್ದರೆ ಸಾಕು, ಇದಕ್ಕಾಗಿ ಮಕ್ಕಳ ಮೇಲೆ ಹೊಸ ದುಡಿಮೆ ಹೊರಿಸುವುದಾಗಲಿ ಶಾಲೆ ಬಿಡಿಸುವುದಾಗಲಿ ಕೂಡದು. ಕೀಟನಾಶಕವನ್ನು ನೀರಿಗೆ ಬೆರೆಸುವುದೂ ಅನುಪಾತದ ಲೆಕ್ಕವೇ ಆದರೂ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ. ಮಗ್ಗಿಯ ಅಭ್ಯಾಸ ಎಂದಿನಂತೆ ನಡೆಯುತ್ತದೆ, ಅದಕ್ಕೆ ಇದು ಬದಲಿಯಲ್ಲ.

ನೋಟ್‌ಬುಕ್ಕನ್ನು ಪ್ರತಿ ಸೋಮವಾರ ತಮ್ಮ ಸಹಿಯೊಂದಿಗೆ ಕಳುಹಿಸಿಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು